ಪರರ ಹೊಟ್ಟೆಯ ಹೆಪ್ಪು

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಆಮ್ಲಜನಕದ ಸಿಲಿಂಡರು ಇಡುವ ಶೆಡ್ಡಿಗೂ ನಡುವೆ ಒಂದು ಬಾಗಿಲು. ಅದರ ಮೇಲೆ ಫಲಕವಿಲ್ಲ. ಯಾವಾಗಲೋ ಅಂಟಿಸಿದ್ದ ‘ಹಳೆಯ ಕಡತಗಳು’ ಎಂಬ ಚೀಟಿಯ ಅರ್ಧಭಾಗ ಇನ್ನೂ ಉಳಿದಿದೆ. ಬಾಗಿಲನ್ನು ಹೆಗಲಿನಿಂದ ಒತ್ತಿ ಒಳಬರುವ ಹೆಂಗಸು ಮೊದಲು ದೀಪ ಹಾಕುತ್ತಾರೆ. ಆಮೇಲೆ ಗಾಳಿ ಎಳೆಯುವ ಫ್ಯಾನು, ಆಮೇಲೆ ಮುಖಕ್ಕೆ ಮಾಸ್ಕು, ಕೈಗೆ ಒಂದರ ಮೇಲೊಂದು ಎರಡು ಜೊತೆ ಗ್ಲೌಸು. ಒಳಬರುವಾಗ ಕೈಯಲ್ಲಿ ಹಿಡಿದು ತಂದ, ಮುಚ್ಚಳ ಬಿಗಿದ ಬಿಳಿ ಡಬ್ಬಿಯೊಂದು ಮೇಜಿನ ಮೇಲೆ ಕೂತಿದೆ. ಅದರ ಮುಂದೆ ನಿಂತು, ಒಂದು ಗಳಿಗೆ ಕಣ್ಣು ಮುಚ್ಚಿ, ಕೈ ಮುಗಿಯುತ್ತಾರೆ.

ಡಬ್ಬಿಯೊಳಗಿರುವುದು ಮನುಷ್ಯರ ಮಲ.

ಮೂಗು ಮುಚ್ಚಿಕೊಳ್ಳಬೇಕೆನಿಸಿದವರು ಮುಚ್ಚಿಕೊಳ್ಳಬಹುದು, ಈ ಕೋಣೆಯಲ್ಲಿ ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಕಿವಿ ಮಾತ್ರ ತೆರೆದಿರಲಿ. ತೂಕದ ಯಂತ್ರದ ಮೇಲೆ ಐವತ್ತು ಗ್ರಾಂ. ಅದಕ್ಕೆ ಅಳತೆಯ ಉಪ್ಪುನೀರು. ಮುಚ್ಚಿದ ಪಾತ್ರೆಯಲ್ಲಿ ಕಡೆದು, ಸಣ್ಣ ಕಣ್ಣಿನ ಜಾಲರಿಯಲ್ಲಿ ಎರಡು ಸಲ ಸೋಸಿ, ಚಳಿಗೆ ಜೀವಾಣುಗಳು ಸಾಯದಿರಲೆಂದು ಸ್ವಲ್ಪ ಗ್ಲಿಸರಿನ್ ಬೆರೆಸಿ ಬಾಟಲಿಗೆ ತುಂಬುತ್ತಾರೆ. ಬಾಟಲಿಯ ಮೇಲೆ ಅಂಕಿ, ದಿನಾಂಕ, ಗಂಟೆ. ಅದೇ ದ್ರವದ ಒಂದಿಷ್ಟು ಹೆಬ್ಬೆರಳಿನಷ್ಟು ಸೀಸೆಗೆ. ಆ ಸೀಸೆಗೆ ಇಲ್ಲಿ ‘ಸಾಕ್ಷಿ’ ಎಂದು ಹೆಸರು. ಎರಡೂ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಫ್ರೀಜರಿಗೆ ಹೋಗುತ್ತವೆ. ದೇಹದಿಂದ ಹೊರಬಿದ್ದ ಗಳಿಗೆಯಿಂದ ಫ್ರೀಜರಿನ ಬಾಗಿಲು ಮುಚ್ಚುವ ತನಕ ಆರು ಗಂಟೆ ಮೀರಬಾರದು. ಈಕೆಗೆ ಎರಡು ಗಂಟೆ ಸಾಕು.

ಆಸ್ಪತ್ರೆಯಲ್ಲಿ ಈಕೆಗೆ ಎರಡು ಹೆಸರು. ಬೆನ್ನ ಹಿಂದೆ ‘ಕಕ್ಕಸಕ್ಕ’. ವಾರ್ಡಿನಲ್ಲಿ, ವಾಸಿಯಾಗಿ ಮನೆಗೆ ಹೊರಟವರ ಬಾಯಲ್ಲಿ ‘ಹೆಪ್ಪಿನಕ್ಕ’. ಎರಡೂ ತನ್ನದೇ ಎಂದು ಆಕೆ ಒಪ್ಪಿಕೊಂಡು ವರ್ಷಗಳಾಗಿವೆ. ಆದರೆ ಎರಡನೆಯ ಹೆಸರು ಆಕೆಯೇ ರೋಗಿಗಳಿಗೆ ಹೇಳುವ ಒಂದು ಮಾತಿನಿಂದ ಹುಟ್ಟಿದ್ದು.

ಮಂಚದ ಪಕ್ಕ ಕೂತು ಆಕೆ ಹೇಳುವುದು ಹೀಗೆ: “ನೋಡಿ, ನಿಮ್ಮ ಮನೇಲಿ ಮೊಸರು ಮಾಡ್ತೀರಲ್ಲ. ಒಂದು ದಿನ ಹೆಪ್ಪು ಕೆಟ್ಟುಹೋಯ್ತು ಅಂತ ಇಟ್ಕೊಳ್ಳಿ. ಎಷ್ಟು ಒಳ್ಳೆ ಹಾಲು ತಂದ್ರೂ ಹುಳಿನೀರೇ. ಆಗ ಏನ್ ಮಾಡ್ತೀರಿ? ಪಕ್ಕದ ಮನೆಗೆ ಹೋಗಿ ಒಂದು ಚಮಚ ಹೆಪ್ಪು ಕೊಡಿ ಅಂತ ಕೇಳ್ತೀರಿ. ಇದೂ ಅಷ್ಟೇ. ನಿಮ್ಮ ಹೊಟ್ಟೆಯ ಹೆಪ್ಪು ಮಾತ್ರೆ ತಿಂದು ತಿಂದು ಸತ್ತುಹೋಗಿದೆ. ಒಳ್ಳೆ ಹೊಟ್ಟೆಯವರ ಮನೆಯಿಂದ ಒಂದು ಚಮಚ ತಂದು ಹಾಕ್ತೀವಿ.”

ದೇವರು ಮನುಷ್ಯನಿಗೆ ಅನ್ನ ಕೊಟ್ಟ, ಅದನ್ನು ಅರಗಿಸಲು ಕೋಟ್ಯಂತರ ಕೂಲಿಯಾಳುಗಳನ್ನೂ ಒಳಗೇ ಇಟ್ಟು ಕಳಿಸಿದ. ಆ ಆಳುಗಳು ಕಣ್ಣಿಗೆ ಕಾಣುವುದಿಲ್ಲ, ಹೆಸರು ಕೇಳುವುದಿಲ್ಲ. ಇರುವ ತನಕ ಯಾವ ಕಳ್ಳನನ್ನೂ ಹೊಸಿಲು ದಾಟಲು ಬಿಡುವುದಿಲ್ಲ. ನಾವೋ, ಒಂದು ಸೀನಿಗೆ ಒಂದು ಮಾತ್ರೆ, ಎರಡು ಕೆಮ್ಮಿಗೆ ಒಂದು ಪಟ್ಟಿ ಎಂದು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗಳನ್ನು ಕಡಲೆಯಂತೆ ಜಗಿದೆವು. ಕಳ್ಳನನ್ನು ಹೊಡೆಯಲು ಹೋಗಿ ಮನೆಯವರನ್ನೆಲ್ಲ ಹೊಡೆದ ಹಾಗಾಯಿತು. ಮನೆ ಖಾಲಿಯಾದಾಗ ಒಳಗೆ ನುಗ್ಗುವವರು ಹೊಡೆತಕ್ಕೆ ಬಗ್ಗದ ಕಳ್ಳರು. ಕೆಲವರಿಗೆ ದಿನಕ್ಕೆ ಹದಿನೈದು ಸಲ ಭೇದಿ. ಮತ್ತೆ ಔಷಧಿ, ಮತ್ತೆ ತುಸು ವಾಸಿ, ಔಷಧಿ ನಿಲ್ಲಿಸಿದ ಮರುವಾರವೇ ಮತ್ತೆ ಅದೇ. ಅಂಥವರಿಗಾಗಿ ಈ ಕೋಣೆ. ಏಳು ವರ್ಷದಲ್ಲಿ ಇಲ್ಲಿಂದ ಮುನ್ನೂರ ನಲವತ್ತು ಬಾಟಲಿಗಳು ವಾರ್ಡಿಗೆ ಹೋಗಿವೆ.

ಮಲ ಕೊಡುವುದು ಸುಲಭ, ಎಲ್ಲರ ಬಳಿಯೂ ಇದೆ ಎಂದು ನಗುವವರಿಗೆ ಹೆಪ್ಪಿನಕ್ಕ ಒಂದು ಲೆಕ್ಕ ಹೇಳುತ್ತಾರೆ. ಕಳೆದ ವರ್ಷ ದಾನ ಮಾಡುತ್ತೇವೆಂದು ಬಂದವರು ಇನ್ನೂರ ಹನ್ನೆರಡು. ರಕ್ತ ಪರೀಕ್ಷೆ, ಮಲ ಪರೀಕ್ಷೆ, ಪ್ರಶ್ನೆಪಟ್ಟಿ ಎಲ್ಲ ದಾಟಿ ಉಳಿದವರು ಒಂಬತ್ತು. ಹೆಚ್ಚಿನವರು ಹೊರಬಿದ್ದದ್ದು ಒಂದೇ ಪ್ರಶ್ನೆಯಲ್ಲಿ: ಮೂರು ತಿಂಗಳಿಂದೀಚೆಗೆ ಇಂಥ ಔಷಧಿ ತಿಂದಿದ್ದೀರಾ? “ಇಲ್ಲ ಅಂತಾರೆ. ಆಮೇಲೆ, ಹಲ್ಲು ನೋವಿಗೆ ನಾದಿನಿ ಎರಡು ಕೊಟ್ಟಿದ್ಲು, ಅದೂ ಲೆಕ್ಕಾನಾ ಅಂತಾರೆ. ಲೆಕ್ಕಾನೇ ಕಣಪ್ಪಾ, ಅದೇ ಲೆಕ್ಕ!”

ಒಂಬತ್ತು ಜನರ ಬಾಟಲಿಗಳೂ ಕೂಡಲೇ ರೋಗಿಗೆ ಹೋಗುವುದಿಲ್ಲ. ಅರವತ್ತು ದಿನ ಫ್ರೀಜರಿನಲ್ಲಿ ಕಾಯಬೇಕು. ಅರವತ್ತನೆಯ ದಿನ ದಾನಿ ಮತ್ತೊಮ್ಮೆ ಪರೀಕ್ಷೆಗೆ ಕೊಡಬೇಕು. ಆಗಲೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕಾಣದಿದ್ದರೆ ಮಾತ್ರ ನಡುವಿನ ಬಾಟಲಿಗಳಿಗೆ ಬಿಡುಗಡೆ. ಬಿಡುಗಡೆ ಪುಸ್ತಕದಲ್ಲಿ ಹೆಪ್ಪಿನಕ್ಕನ ಸಹಿ ಬೀಳದೆ ಒಂದು ಹನಿಯೂ ಹೊರಗೆ ಹೋಗುವಂತಿಲ್ಲ.

ಈ ಸಹಿಗೆ ಆಕೆ ಬಂದದ್ದು ದೊಡ್ಡ ಓದಿನ ದಾರಿಯಿಂದಲ್ಲ. ಹನ್ನೊಂದು ವರ್ಷ ಇದೇ ಆಸ್ಪತ್ರೆಯಲ್ಲಿ ಆಯಾ. ಬೆಡ್‌ಪ್ಯಾನು ಹೊತ್ತದ್ದಕ್ಕೆ ಲೆಕ್ಕವಿಲ್ಲ. ಹೊತ್ತವರು ಬಹಳ ಜನ, ನೋಡಿದವರು ಕಡಿಮೆ. ಈಕೆ ನೋಡುತ್ತಿದ್ದರು. ಬಣ್ಣ, ಗಟ್ಟಿತನ, ವಾಸನೆ. “ಆರನೇ ಮಂಚದವರಿಗೆ ಇವತ್ತು ರಕ್ತ ಇದೆ ಸಿಸ್ಟರ್” ಎಂದು ವರದಿ ಬರುವ ಮೊದಲೇ ಹೇಳುತ್ತಿದ್ದರು. ಕರುಳಿನ ಡಾಕ್ಟರಮ್ಮ ಈ ಕೋಣೆ ಆರಂಭಿಸಿದಾಗ ಓದಿದ ಮೂವರು ತಂತ್ರಜ್ಞರು ಬಂದು ಹೋದರು. ಒಬ್ಬ ಎರಡನೇ ದಿನ ಊಟ ಸೇರದೆ ಹೋದ. ಇನ್ನೊಬ್ಬನಿಗೆ ಹೆಣ್ಣು ನೋಡುತ್ತಿದ್ದರು, ಕೆಲಸ ಏನೆಂದು ಹೇಳಲಿ ಎಂದು ಹೋದ. ಮೂರನೆಯವನು ಕಾರಣವನ್ನೂ ಹೇಳಲಿಲ್ಲ. ಆಗ ಡಾಕ್ಟರಮ್ಮ ಆಯಾಳನ್ನು ಕರೆದು ಕೇಳಿದರು, “ನೀನು ಬರ್ತೀಯಾ? ಕಲಿಸ್ತೀನಿ.” ಸಂಜೆಯ ತರಗತಿಗೆ ಎರಡು ವರ್ಷ ಹೋಗಿ ಲ್ಯಾಬಿನ ಸರ್ಟಿಫಿಕೇಟು ಪಡೆದಾಗ ಆಕೆಗೆ ನಲವತ್ತೊಂದು ವಯಸ್ಸು.

ಮನೆಯಲ್ಲಿ ಅತ್ತೆಯದು ಒಂದೇ ಹಾಡು. “ಊರವರ ಹೇಲು ಕಡೆಯೋಕೆ ಸರ್ಟಿಫಿಕೇಟು ಬೇರೆ ಕೇಡು!” ಸ್ನಾನ ಮಾಡದೆ ಸೊಸೆ ಒಲೆಯ ಹತ್ತಿರ ಬರುವಂತಿಲ್ಲ. ಸೊಸೆಗೂ ನಾಲಿಗೆ ಇದೆ. “ಅತ್ತೆ, ನೀವು ಹೊತ್ಕೊಂಡು ತಿರುಗೋದನ್ನೇ ನಾನು ಬಾಟಲಿಯಲ್ಲಿ ಇಡ್ತೀನಿ. ವ್ಯತ್ಯಾಸ ಏನು ಅಂದ್ರೆ, ನನ್ನದಕ್ಕೆ ಪರೀಕ್ಷೆ ಆಗಿರುತ್ತೆ.” ದರ್ಜಿ ಕೆಲಸದ ಗಂಡ ಹೊಲಿಗೆ ಯಂತ್ರದ ಸದ್ದು ಜೋರು ಮಾಡಿ ನಗು ಮುಚ್ಚಿಕೊಳ್ಳುತ್ತಾರೆ.

ಬೀದಿಯ ಔಷಧಿ ಅಂಗಡಿಯವನಿಗಂತೂ ಈಕೆಯ ನೆರಳು ಕಂಡರೆ ಆಗದು. ನೆಗಡಿಯ ಮಗುವಿಗೆ ಚೀಟಿ ಇಲ್ಲದೆ ಬಲವಾದ ಮಾತ್ರೆ ಕೊಡುವುದನ್ನು ಕಂಡರೆ ಬೀದಿಯಲ್ಲೇ ನಿಂತು ಕೇಳುತ್ತಾರೆ: “ಏನಪ್ಪಾ, ಸೊಳ್ಳೆ ಹೊಡೆಯೋಕೆ ಕೊಡಲಿ ಕೊಡ್ತೀಯಲ್ಲ?” ಅವನು, “ಬಂತು ನೋಡಿ ಮಾರಿ” ಎನ್ನುತ್ತಾನೆ. “ಹೌದು, ಬಂದಿದ್ದೀನಿ, ಆ ಮಾತ್ರೆ ವಾಪಸ್ ಇಡು.”

ಈ ಹಟದ ಬೇರು ಒಂದು ಕಾಗದದಲ್ಲಿದೆ. ಹದಿನಾಲ್ಕು ವರ್ಷದ ಹಿಂದೆ ಆಕೆಯ ತಂಗಿ ಹೆಣ್ಣು ಮಗು ಹೆತ್ತಳು. ನಾಲ್ಕನೆಯ ದಿನ ಜ್ವರ. ರಕ್ತದಲ್ಲಿ ಸೋಂಕು. ಯಾವ ಔಷಧಿ ಕೇಳುತ್ತದೆಂದು ಪರೀಕ್ಷೆಗೆ ಕಳುಹಿಸಿದ ವರದಿ ಬಂತು. ಸಾಲಾಗಿ ಹದಿನಾಲ್ಕು ಔಷಧಿಗಳ ಹೆಸರು, ಪ್ರತಿಯೊಂದರ ಮುಂದೆ ಒಂದು ಅಕ್ಷರ. ‘ಎಸ್’ ಎಂದಿದ್ದರೆ ಔಷಧಿ ಕೆಲಸ ಮಾಡುತ್ತದೆ. ‘ಆರ್’ ಎಂದಿದ್ದರೆ ಇಲ್ಲ. “ಆಗ ನನಗೆ ಅದೆಲ್ಲ ಗೊತ್ತಿರಲಿಲ್ಲ. ಎಲ್ಲಾ ಕಡೆ ಒಂದೇ ಅಕ್ಷರ ಇದೆ, ಅಂದ್ರೆ ಒಳ್ಳೇದೇ ಇರಬೇಕು ಅಂದ್ಕೊಂಡು ತಂಗಿಗೆ ಹೇಳ್ದೆ, ಎಲ್ಲಾ ಸರಿ ಇದೆ ಕಣೇ ಅಂತ. ಅವಳು ನಕ್ಕಳು.” ಹದಿನಾಲ್ಕೂ ಆರ್. ತಂಗಿ ಒಂಬತ್ತನೆಯ ದಿನ ಹೋದಳು. ಮಗು ಉಳಿಯಿತು. ದೊಡ್ಡಮ್ಮನ ಮಡಿಲಲ್ಲೇ ಬೆಳೆದು ಈಗ ಎಂಟನೇ ತರಗತಿಯಲ್ಲಿದೆ.

ಇಷ್ಟು ಹೇಳಿ ಹೆಪ್ಪಿನಕ್ಕ ಕೆಲಸಕ್ಕೆ ತಿರುಗುತ್ತಾರೆ. ಸೋಸುವ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ತಾವಾಗಿಯೇ ಕಳೆದ ತಿಂಗಳ ಸಂಗತಿಗೆ ಬರುತ್ತಾರೆ. ಆಸ್ಪತ್ರೆಯಲ್ಲಿ ಈಗ ಎಲ್ಲರೂ ಗುಸುಗುಸು ಮಾತಾಡುವುದು ಅದನ್ನೇ.

ಮೂರನೇ ಮಹಡಿಯಲ್ಲಿ ಹೊಲಿಗೆ ಟೀಚರಮ್ಮ ಎಂಬ ರೋಗಿ. ನಿವೃತ್ತರು, ಅರವತ್ತನಾಲ್ಕು ವಯಸ್ಸು. ಎದೆಯ ಸೋಂಕಿಗೆ ತಿಂದ ಔಷಧಿಗಳಿಂದ ಕರುಳು ಬರಿದಾಗಿ, ನಾಲ್ಕು ಸಲ ಭೇದಿ ಮರುಕಳಿಸಿತ್ತು. ತೂಕ ಮೂವತ್ತೆಂಟು ಕೆಜಿಗೆ ಇಳಿದಿತ್ತು. ಹೆಪ್ಪು ಹಾಕಲೇಬೇಕು ಎಂದು ಡಾಕ್ಟರಮ್ಮ ನಿರ್ಧರಿಸಿದರು. ಆ ಹೊತ್ತಿಗೆ ಫ್ರೀಜರಿನಲ್ಲಿ ಬಿಡುಗಡೆಗೆ ಹತ್ತಿರವಿದ್ದದ್ದು ಹನ್ನೊಂದೇ ಬಾಟಲಿ, ಹನ್ನೊಂದೂ ಒಬ್ಬನೇ ದಾನಿಯವು. ಉಳಿದ ದಾನಿಗಳ ಅರವತ್ತು ದಿನ ಇನ್ನೂ ದೂರವಿತ್ತು.

ಆ ಒಬ್ಬ ದಾನಿ ಶಾಲೆಯ ವ್ಯಾನು ಓಡಿಸುವವರು. ಬೆಳಗಿನ ಐದೂ ನಲವತ್ತಕ್ಕೆ ಒಂದು ನಿಮಿಷ ಆಚೀಚೆ ಆಗದ ಹೊಟ್ಟೆ, ಹಾಗಾಗಿ ಗಡಿಯಾರಣ್ಣ. ಮನೆಯಲ್ಲೇ ಡಬ್ಬಿಗೆ ಹಿಡಿದು, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಮಕ್ಕಳನ್ನು ಹತ್ತಿಸಿಕೊಳ್ಳುವ ಮೊದಲು ತಂದುಕೊಡುತ್ತಿದ್ದರು. ಅರವತ್ತನೆಯ ದಿನ ಎರಡನೇ ಪರೀಕ್ಷೆಗಾಗಿ ಡಬ್ಬಿ ತಂದರು. ಎಂದಿನಂತೆ ಜೋಕು ಹೊಡೆಯಲಿಲ್ಲ. ಮೇಜಿನ ಮೇಲಿಟ್ಟು ಬಾಗಿಲ ಕಡೆಗೇ ನೋಡುತ್ತ ನಿಂತರು.

ಹೆಪ್ಪಿನಕ್ಕ ಮುಚ್ಚಳ ತೆಗೆದರು. ನೋಡಿದರು. ಮುಚ್ಚಿದರು.

“ಗಡಿಯಾರಣ್ಣ, ಇದು ನಿಮ್ಮದಲ್ಲ.”

“ಅಯ್ಯೋ, ಇದೇನಕ್ಕ? ಅದರ ಮೇಲೆ ಹೆಸರು ಬರೆದಿರುತ್ತಾ?”

“ಬರೆದಿರುತ್ತೆ. ಓದೋಕೆ ಬರೋರಿಗೆ.”

ಗಡಿಯಾರಣ್ಣ ಸ್ಟೂಲು ಎಳೆದು ಕೂತು ಬಾಯಿಬಿಟ್ಟರು. ಮಗಳ ಪರೀಕ್ಷೆಯ ಫಲಿತಾಂಶದ ಚಿಂತೆಯಲ್ಲಿ ಎರಡು ದಿನದಿಂದ ಹೊಟ್ಟೆ ಕದಲಿರಲಿಲ್ಲ. ಬರಿಗೈಯಲ್ಲಿ ಬರಲು ಮನಸ್ಸಾಗಲಿಲ್ಲ. ಜೊತೆಯಲ್ಲೇ ಇರುವ ತಮ್ಮನ ಕೈಯಲ್ಲಿ ಡಬ್ಬಿ ಕೊಟ್ಟರು. “ಅವನು ಮೂಟೆ ಹೊರೋನಕ್ಕ. ಕಲ್ಲು ತಿಂದು ಅರಗಿಸ್ತಾನೆ. ನನಗಿಂತ ಗಟ್ಟಿ ಹೊಟ್ಟೆ. ಒಳ್ಳೇದೇ ಅಲ್ವಾ ಅಂದ್ಕೊಂಡೆ.”

“ಗಟ್ಟಿ ಹೊಟ್ಟೆ ಇರಬಹುದು. ಆಪರೇಷನ್ನು ಗೀಪರೇಷನ್ನು ಆಗಿತ್ತಾ?”

“ಕಾಲಿಗೆ ಒಂದು... ಆರು ತಿಂಗಳ ಹಿಂದೆ. ರಾಡು ಹಾಕಿದ್ರು. ಒಂದು ತಿಂಗಳು ಇಂಜೆಕ್ಷನ್ನು.”

ಹೆಪ್ಪಿನಕ್ಕ ಡಬ್ಬಿಯನ್ನು ಮೇಜಿನ ಆಚೆ ತುದಿಗೆ ಸರಿಸಿಟ್ಟರು. ಆಕೆ ಕೇಳಿದರು, “ಇದು ಮೊದಲನೇ ಸಲಾನಾ?”

“ದೇವರಾಣೆ ಅಕ್ಕ. ಮಕ್ಕಳಾಣೆ. ಇವತ್ತೊಂದೇ ದಿನ.”

ಹೆಪ್ಪಿನಕ್ಕ ದೈವಭಕ್ತೆ. ಆಣೆಯನ್ನು ಹಗುರವಾಗಿ ತೆಗೆದುಕೊಳ್ಳುವವರಲ್ಲ. ಆದರೂ ಅಂದು ಅವರ ಬಾಯಿಂದ ಬಂದ ಮಾತು ಇದು: “ಆಣೆ ಮನುಷ್ಯರ ಮಧ್ಯೆ ನಡೆಯುತ್ತೆ ಅಣ್ಣ. ಬ್ಯಾಕ್ಟೀರಿಯಾಕ್ಕೆ ದೇವರ ಭಯ ಇಲ್ಲ.”

ಡಾಕ್ಟರಮ್ಮನಿಗೆ ವಿಷಯ ತಲುಪಿತು. ಅವರೂ ಮನುಷ್ಯರೇ, ಮೂರನೇ ಮಹಡಿಯಲ್ಲಿ ಕಣ್ಣೆದುರು ಸೊರಗುತ್ತಿದ್ದ ಜೀವ ಅವರ ಕೈಯಲ್ಲಿತ್ತು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ: “ಇವತ್ತಿನದನ್ನ ಬರೀ ಕಣ್ಣಲ್ಲೇ ಹಿಡಿದುಬಿಟ್ಟೆಯಲ್ಲ. ಹಿಂದಿನ ಹನ್ನೊಂದನ್ನೂ ನೀನೇ ನೋಡಿ ಒಪ್ಪಿದ್ದು. ನಿನ್ನ ಕಣ್ಣನ್ನ ನೀನೇ ನಂಬಲ್ವಾ? ಗಡಿಯಾರಣ್ಣ ಇಲ್ಲೇ ಕೂತು ಕೊಡಲಿ, ಅವರ ಪರೀಕ್ಷೆ ಸರಿ ಬಂದ್ರೆ ಬಿಟ್ಟುಬಿಡೋಣ.”

ಹೆಪ್ಪಿನಕ್ಕ ತಮ್ಮ ದಿನಚರಿ ಪುಸ್ತಕ ಬಿಡಿಸಿ ಕೂತರು. ಪ್ರತಿ ಬಾಟಲಿಗೂ ಅದರಲ್ಲಿ ಒಂದು ಸಾಲು: ಗಂಟೆ, ತೂಕ, ಬಣ್ಣ, ಆಕಾರ, ವಾಸನೆ. ಒಂದನೆಯದು, ಎರಡನೆಯದು, ಮೂರನೆಯದು. ಎಲ್ಲ ಒಂದೇ ತಾಯಿಯ ಮಕ್ಕಳಂತೆ. ಏಳನೆಯ ಸಾಲಿನಲ್ಲಿ ಬೆರಳು ನಿಂತಿತು. ವಾಸನೆಯ ಜಾಗದಲ್ಲಿ ಅವರದೇ ಕೈಬರಹ: ‘ಗೊತ್ತಾಗಲಿಲ್ಲ. ನೆಗಡಿ.’

“ಅವತ್ತು ನನ್ನ ಮೂಗಿಗೆ ರಜೆ, ನನ್ನ ಕೈಗೆ ಮಾತ್ರ ಡ್ಯೂಟಿ” ಎಂದು ಈಗ ಹೇಳುತ್ತಾರೆ. ನಗುತ್ತಾರೆ, ಆದರೆ ನಗು ಕಣ್ಣಿನವರೆಗೆ ಹೋಗುವುದಿಲ್ಲ. “ನೆಗಡಿ ಇದ್ದಾಗ ಒಪ್ಪಬಾರದಿತ್ತು. ಒಪ್ಪಿದ್ದೆ. ತಪ್ಪು ನಂದು. ಹಾಗಾದ್ರೆ ನನ್ನ ಕಣ್ಣು ಎಷ್ಟು ದಿನ ನಿದ್ದೆ ಮಾಡಿತ್ತೋ ಯಾರಿಗೆ ಗೊತ್ತು? ಹನ್ನೊಂದು ಸಾಕ್ಷಿ ಸೀಸೆಯನ್ನೂ ಪರೀಕ್ಷೆಗೆ ಕಳಿಸ್ತೀನಿ ಅಂದೆ. ಮೂರು ದಿನ ಬೇಕು ಅಂದೆ.”

ಮೂರು ದಿನ. ಆರೋಗ್ಯವಂತರಿಗೆ ಅದು ಒಂದು ವಾರಾಂತ್ಯ. ಟೀಚರಮ್ಮನಿಗೆ ಅದು ನಲವತ್ತೈದು ಸಲ ಮಂಚದಿಂದ ಏಳುವುದು.

ಅಂದೇ ಮಧ್ಯಾಹ್ನ ಆಸ್ಪತ್ರೆಯ ಅಧೀಕ್ಷಕರು ತಾವೇ ಇಳಿದು ಬಂದರು. ಈ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಕರವಸ್ತ್ರ ಮೂಗಿನ ಮೇಲೆ.

“ಅಲ್ಲಮ್ಮಾ, ನೀನೇನು ಡಾಕ್ಟರಾ?”

“ಅಲ್ಲ ಸಾರ್. ಆಗಿದ್ದಿದ್ರೆ ನಂಬಿಬಿಡ್ತಿದ್ದೆನೋ ಏನೋ.”

“ರೋಗಿಗೆ ಏನಾದ್ರೂ ಆದ್ರೆ ಯಾರು ಹೊಣೆ? ಪೇಪರಿನವರು ಬಂದ್ರೆ ಯಾರು ಮಾತಾಡ್ತಾರೆ? ಫ್ರೀಜರಿನ ಬೀಗದ ಕೈ ಕೊಡು.”

ಆಕೆ ಕೊಟ್ಟರು. ಕೊಡುವಾಗ ಬಿಡುಗಡೆ ಪುಸ್ತಕವನ್ನೂ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ಅವರ ಮುಂದೆ ಇಟ್ಟರು. “ತಗೊಂಡು ಹೋಗಿ ಸಾರ್. ಈ ಜಾಗದಲ್ಲಿ ಒಂದು ಸಹಿ ಬೇಕು. ನಾನು ಹಾಕೋಲ್ಲ. ನೀವೇ ಹಾಕಿ.”

ಅಧೀಕ್ಷಕರು ಪುಸ್ತಕ ನೋಡಿದರು. ಪೆನ್ನು ನೋಡಿದರು. ಬೀಗದ ಕೈಯನ್ನು ಮೇಜಿನ ಮೇಲೆ ಬಿಟ್ಟು, “ಇದು ಇಲ್ಲಿಗೇ ಮುಗಿಯಲ್ಲ” ಎಂದು ಹೊರಟರು. ನುಂಗಲೂ ಆಗದ, ಉಗುಳಲೂ ಆಗದ ತುತ್ತು ಎಂದರೆ ಅದು. ಹೆಪ್ಪಿನಕ್ಕನದು ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗುವ ಗುತ್ತಿಗೆ ಕೆಲಸ. ಹೊಸ ಕಾಗದ ಬಂದು ಅಧೀಕ್ಷಕರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಇಬ್ಬರಿಗೂ ಅದು ಗೊತ್ತಿತ್ತು.

ಅಧೀಕ್ಷಕರನ್ನು ಎದುರಿಸುವುದು ಅಷ್ಟು ಕಷ್ಟವಾಗಲಿಲ್ಲ ಎನ್ನುತ್ತಾರೆ. ಕಷ್ಟವಾದದ್ದು ಎರಡನೆಯ ದಿನ. ಟೀಚರಮ್ಮನ ಮಗಳು ಕಾರಿಡಾರಿನಲ್ಲಿ ಅಡ್ಡಗಟ್ಟಿ ನಿಂತಳು. ತೊಳೆಯಲು ಒಯ್ಯುತ್ತಿದ್ದ ತಾಯಿಯ ಬಟ್ಟೆಯ ಗಂಟು ಕಂಕುಳಲ್ಲಿತ್ತು.

“ನಿಮ್ಮ ಹತ್ರ ಔಷಧಿ ಇದೆಯಂತೆ. ಇಟ್ಕೊಂಡು ಕೊಡ್ತಿಲ್ವಂತೆ. ಹೌದಾ?”

“ಇದೆ. ಕೊಡ್ತಿಲ್ಲ. ಹೌದು.”

“ನಿಮ್ಮ ಅಮ್ಮ ಆಗಿದ್ರೆ ಹೀಗೆ ಮಾಡ್ತಿದ್ರಾ ನೀವು?”

ಹೆಪ್ಪಿನಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಗಂಟನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ತಂಗಿಯ ವಿಷಯ ಹೇಳಿದರು. ಹದಿನಾಲ್ಕು ಸಾಲು, ಹದಿನಾಲ್ಕು ಅಕ್ಷರ. “ನಿಮ್ಮ ಅಮ್ಮನ ಹೊಟ್ಟೆ ಈಗ ಖಾಲಿ ಮನೆ ಕಣಮ್ಮಾ. ನಾನು ಯಾರನ್ನ ಒಳಗೆ ಬಿಡ್ತೀನೋ ಅವರೇ ಯಜಮಾನರು. ಮುಖ ನೋಡದೆ ಹ್ಯಾಗೆ ಬಿಡಲಿ? ಬೈಯಿ ನನ್ನ. ಎಷ್ಟು ಬೇಕಾದ್ರೂ ಬೈಯಿ. ನಾಳೆ ಬೆಳಗ್ಗೆ ತನಕ ಬೈತಾನೇ ಇರು. ಅಮ್ಮನಿಗೆ ಮಾತ್ರ ಉಪ್ಪು ಸಕ್ಕರೆ ನೀರು ನಿಲ್ಲಿಸಬೇಡ.” ಹುಡುಗಿ ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಗಂಟು ಎತ್ತಿಕೊಂಡು ಹೋದಳು. ಆ ಎರಡು ರಾತ್ರಿ ಹೆಪ್ಪಿನಕ್ಕ ಊಟ ಬಿಟ್ಟರು. ಹರಕೆಯಾ ಎಂದು ಕೇಳಿದರೆ, “ಹರಕೆ ಅಲ್ಲ, ಗಂಟಲಲ್ಲಿ ಇಳೀಲಿಲ್ಲ” ಎನ್ನುತ್ತಾರೆ.

ಮೂರನೆಯ ದಿನ ಬೆಳಗ್ಗೆ ಮೇಲಿನ ಲ್ಯಾಬಿನಿಂದ ಹನ್ನೊಂದು ತಟ್ಟೆಗಳು ಬಂದವು. ಔಷಧಿ ಬೆರೆಸಿದ ಆಹಾರದ ಮೇಲೆ ಸಾಕ್ಷಿ ಸೀಸೆಯ ಹನಿ ಸವರಿ ಎರಡು ದಿನ ಬೆಚ್ಚಗಿಟ್ಟಿದ್ದ ತಟ್ಟೆಗಳು. ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಅದರ ಮೇಲೆ ಬೆಳೆಯದು. ಬಗ್ಗದ್ದು ಬಣ್ಣದ ಚುಕ್ಕೆಗಳಾಗಿ ಮೂಡುತ್ತದೆ. ಹತ್ತು ತಟ್ಟೆ ಉಜ್ಜಿದ ಬೆಳ್ಳಿಯಂತೆ ನಿರ್ಮಲವಾಗಿದ್ದವು. ಏಳನೆಯ ತಟ್ಟೆಯ ತುಂಬ ನೀಲಿ ಚುಕ್ಕೆ. ತಮ್ಮನ ಡಬ್ಬಿಯಿಂದ ಸವರಿದ ತಟ್ಟೆಯಲ್ಲಿಯೂ ಅದೇ ನೀಲಿ.

ಹನ್ನೊಂದರಲ್ಲಿ ಒಂದು. ಟೀಚರಮ್ಮನಿಗೆ ಎರಡು ಬಾಟಲಿ ಕೊಡುವುದಿತ್ತು. ಯಾವ ಎರಡು ಹೋಗುತ್ತಿದ್ದವೋ ದೇವರೊಬ್ಬನೇ ಬಲ್ಲ.

ಡಾಕ್ಟರಮ್ಮ ಏಳನೆಯ ತಟ್ಟೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಹೆಪ್ಪಿನಕ್ಕನ ಹೆಗಲ ಮೇಲೆ ಒಂದು ಕೈ ಇಟ್ಟು ಮಹಡಿ ಹತ್ತಿದರು. ಅಷ್ಟರಲ್ಲಿ ಗಡಿಯಾರಣ್ಣ ಆಸ್ಪತ್ರೆಯಲ್ಲೇ ಕೂತು ಕೊಟ್ಟಿದ್ದ ಡಬ್ಬಿಯ ಪರೀಕ್ಷೆ, ರಕ್ತದ ಪರೀಕ್ಷೆ ಎರಡೂ ಸರಿ ಬಂದಿದ್ದವು. ಹತ್ತು ಬಾಟಲಿಗಳಿಗೆ ಬಿಡುಗಡೆಯ ಸಹಿ ಬಿತ್ತು. ಮಧ್ಯಾಹ್ನ ಎರಡು ಬಾಟಲಿ ಬೆಚ್ಚಗಿನ ನೀರಿನಲ್ಲಿ ಕರಗಿ ಮೂರನೇ ಮಹಡಿಗೆ ಹೋಗಿ, ಕೊಳವೆಯ ಮೂಲಕ ಟೀಚರಮ್ಮನ ಕರುಳು ಸೇರಿದವು. ಐದನೆಯ ದಿನ ಟೀಚರಮ್ಮ ರಾತ್ರಿಯಿಡೀ ಒಂದು ಸಲವೂ ಏಳದೆ ಮಲಗಿದರು. ಎದ್ದವರು ಮೊದಲು ಕೇಳಿದ್ದು ಸೂಜಿ ದಾರವಂತೆ. ಆಸ್ಪತ್ರೆಯ ದಿಂಬಿನ ಕವರಿನ ಹೊಲಿಗೆ ಬಿಟ್ಟಿದೆ, ನೋಡಲಾಗುತ್ತಿಲ್ಲ ಎಂದರಂತೆ.

ಗಡಿಯಾರಣ್ಣ ಅತ್ತರು. ಏಳನೆಯ ಬಾಟಲಿಯೂ ತಮ್ಮನದೇ ಎಂದು ಒಪ್ಪಿಕೊಂಡರು. “ನನ್ನ ಜನ್ಮದಲ್ಲಿ ಯಾರೂ ನನ್ನ ಹೊಗಳಿಲ್ಲಕ್ಕ. ಇಲ್ಲಿ ಡಾಕ್ಟರಮ್ಮ ಕೈ ಕುಲುಕಿ, ನಿಮ್ಮ ಹೊಟ್ಟೆ ಅಪರಂಜಿ ಅಂದ್ರು. ಆಗಲಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು.” ಆಕೆ ಅವರಿಗೆ ನೀರು ಕೊಟ್ಟರು, ಬೆನ್ನು ಸವರಿದರು, ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದರು. “ನಿಮ್ಮ ಮೇಲೆ ಸಿಟ್ಟಿಲ್ಲ ಅಣ್ಣ. ಆದ್ರೆ ಸುಳ್ಳು ಹೇಳಿದ ಹೊಟ್ಟೆಗೆ ಇಲ್ಲಿ ಜಾಗ ಇಲ್ಲ. ತಮ್ಮನ್ನ ಕರ್ಕೊಂಡು ಬನ್ನಿ, ಅವನ ಹತ್ರ ಡಾಕ್ಟರಮ್ಮ ಮಾತಾಡ್ಬೇಕು. ಮೂಟೆ ಹೊರೋನು, ನಾಳೆ ಗಾಯ ಆದ್ರೆ ಯಾವ ಔಷಧಿ ಕೇಳಲ್ಲ ಅಂತ ಅವನಿಗೆ ಗೊತ್ತಿರಬೇಕು.”

ಅಂದಿನಿಂದ ಮನೆಯ ಡಬ್ಬಿ ಬಂದ್. ಬಟ್ಟೆ ಒಗೆಯುವ ಕೋಣೆಯ ಪಕ್ಕದ ಹಳೆಯ ಕಕ್ಕಸನ್ನು ಆಕೆಯೇ ತಿಕ್ಕಿ ತೊಳೆದು ದಾನಿಗಳಿಗಾಗಿ ಎತ್ತಿಟ್ಟಿದ್ದಾರೆ. ಅದರ ಚಿಲಕ ಸರಿಯಿಲ್ಲ. ದಾನಿ ಒಳಗಿದ್ದರೆ ಹೊರಗೆ ಆಕೆಯೇ ಬೆನ್ನು ತಿರುಗಿಸಿ ಬಾಗಿಲು ಹಿಡಿದು ನಿಲ್ಲುತ್ತಾರೆ. “ಕೊಡೋಕೆ ಬಂದವರಿಗೆ ಮರ್ಯಾದೆ ಬೇಡ್ವಾ? ಒಂದು ಗಟ್ಟಿ ಚಿಲಕ ಹಾಕಿಸಿ ಅಂತ ಬರ್ಕೊಟ್ಟಿದ್ದೀನಿ. ನನ್ನ ಆಸೆ ಅಂದ್ರೆ ಸದ್ಯಕ್ಕೆ ಅದೇ.”

ಇನ್ನು ಅಧೀಕ್ಷಕರ ಕಡೆಯಿಂದ ಬಂದ ಪತ್ರ. ಬಾಟಲಿ ಸರಿಯೋ ತಪ್ಪೋ, ಮೇಲಿನವರ ಮಾತು ಮೀರಿದ್ದು ಮೀರಿದ್ದೇ. ‘ಬಿಡುಗಡೆಯನ್ನು ಮೂರು ದಿನ ತಡೆದದ್ದಕ್ಕೆ ಲಿಖಿತ ಕಾರಣ ನೀಡತಕ್ಕದ್ದು.’ ಮನೆಯಲ್ಲಿ ಎಲ್ಲರೂ ಕ್ಷಮೆ ಕೇಳಿ ಬರೆ ಎಂದರು. ತಂಗಿಯ ಮಗಳು ಮಾತ್ರ, “ದೊಡ್ಡಮ್ಮ, ನಿಂಗೆ ಅನ್ನಿಸಿದ್ದು ಬರಿ, ನಾನು ಓದಿ ನೋಡ್ತೀನಿ” ಎಂದಳು. ಸದಾ ಜಗಳವಾಡುವ ಅತ್ತೆ ಒಳಗಿನಿಂದಲೇ ಕೂಗಿದರಂತೆ: “ಬರೆಯೋದಾದ್ರೆ ತಲೆ ಎತ್ಕೊಂಡು ಬರೀಲಿ. ಇಷ್ಟು ವರ್ಷ ಮನೇಲಿ ವಾಸನೆ ತಡ್ಕೊಂಡಿರೋದು ಸುಮ್ನೆ ಅಲ್ಲ.”

ಹೆಪ್ಪಿನಕ್ಕ ಬರೆದದ್ದು ಐದು ಸಾಲು. ದಾನಿ ಬೇರೆಯವರ ಮಲ ತಂದದ್ದು ಗೊತ್ತಾಯಿತು. ಅದರಿಂದ ಹನ್ನೊಂದು ಬಾಟಲಿಯ ಮೇಲೂ ಅನುಮಾನ ಬಂತು. ಏಳನೆಯದನ್ನು ನೆಗಡಿ ಇದ್ದ ದಿನ ಒಪ್ಪಿದ್ದು ನನ್ನ ತಪ್ಪು. ಪರೀಕ್ಷೆಯಲ್ಲಿ ಏಳನೆಯದು ಕೆಟ್ಟದ್ದೆಂದು ತಿಳಿಯಿತು, ಸುಡಲು ಕಳಿಸಿದ್ದೇನೆ. ಮುಂದೆಯೂ ಅನುಮಾನ ಬಂದರೆ ಹೀಗೇ ಮಾಡುತ್ತೇನೆ.

ಕಳೆದ ವಾರ ಅಧೀಕ್ಷಕರು ಕರೆಸಿದರು. ಹೊಸ ಗುತ್ತಿಗೆಯ ಕಾಗದ ಒಂದು ಕೈಯಲ್ಲಿ, ಈ ಉತ್ತರ ಇನ್ನೊಂದು ಕೈಯಲ್ಲಿ. ದನಿ ಮೆತ್ತಗಾಗಿತ್ತು. “ನೋಡಮ್ಮಾ, ಆದದ್ದು ಒಳ್ಳೇದೇ ಆಯ್ತು. ನಾನೇನೂ ಕಲ್ಲುಗುಂಡಿಗೆಯವನಲ್ಲ. ಆದ್ರೆ ಈ ಕೊನೇ ಸಾಲು ಕಡತದಲ್ಲಿ ಇರಬಾರದು. ಅದೊಂದು ಹೊಡೆದುಹಾಕು, ಈಗಲೇ ಇಲ್ಲೇ ಸಹಿ ಹಾಕ್ತೀನಿ.”

ಆಕೆ ಉತ್ತರದ ಹಾಳೆಯನ್ನು ತೆಗೆದುಕೊಂಡರು. ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಮತ್ತೆ ಮೇಜಿನ ಮೇಲಿಟ್ಟು, ಅವರ ಕಡೆಗೆ ತಿರುಗಿಸಿ, ಎರಡು ಬೆರಳಿನಿಂದ ಮುಂದಕ್ಕೆ ಸರಿಸಿದರು.

“ಹತ್ತನೇ ಕ್ಲಾಸು ಓದಿದವಳು ಸಾರ್, ಅಲ್ಲಲ್ಲಿ ಕಾಗುಣಿತ ತಪ್ಪಿರುತ್ತೆ. ಅದನ್ನ ಬೇಕಾದ್ರೆ ತಿದ್ದಿ. ಆ ಸಾಲು ಮಾತ್ರ ಹಾಗೇ ಇರಲಿ.”